ಒಂದು ಮಳೆಗಾಲದಲ್ಲಿ ರಾಕ್ ಮತ್ತು ಹೆವಿ ಮೆಟಲ್: ಮಲೆನಾಡಿನ ಕಿವಿಗೊಂದು ಸಮಗ್ರ ಮಾರ್ಗದರ್ಶಿ

ರಾಕ್ ಸಂಗೀತದ ಭಾರವಾದ, ಜೋರಾದ ಕವಲು ಹೆವಿ ಮೆಟಲ್. ಅದರ ಮೊದಲ ಆಲ್ಬಂ ಎಂದು ತುಂಬ ಜನ ಒಪ್ಪುವ ಆಲ್ಬಂ ಹಾಕಿದರೆ ಮೊದಲು ಕೇಳಿಸುವುದು ಮಳೆ. ಒಂದೇ ಸಮ ಸುರಿಯುವ ಮಳೆ, ದೂರದ ಗುಡುಗು, ಎಲ್ಲೋ ಹೊಡೆಯುವ ಒಂದು ಗಂಟೆ. ಅರ್ಧ ನಿಮಿಷ ಕಳೆದ ಮೇಲೆ ಗಿಟಾರು ಬರುತ್ತದೆ, ತೋಟದಾಚೆ ದೊಡ್ಡ ಮರ ಉರುಳಿದ ಹಾಗೆ. ಬ್ಲ್ಯಾಕ್ ಸಬಾತ್ ಎಂಬ ಬ್ಯಾಂಡಿನ ಈ ಆಲ್ಬಂ 1970ರ ಫೆಬ್ರವರಿ 13ರಂದು ಹೊರಬಂತು. ಆಲ್ಬಂ ಹೆಸರೂ ಬ್ಲ್ಯಾಕ್ ಸಬಾತ್, ಮೊದಲ ಹಾಡಿನ ಹೆಸರೂ ಅದೇ.

ನಾನು ಅದನ್ನು ಸರಿಯಾಗಿ ಕೇಳಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗುಲಿಯಲ್ಲಿ, ಜುಲೈ ತಿಂಗಳ ಒಂದು ಸಂಜೆ. ಹೊರಗೂ ಮಳೆ, ಇಯರ್‌ಫೋನಿನೊಳಗೂ ಮಳೆ. ಯಾವುದು ಯಾವುದೆಂದು ತಿಳಿಯದೆ ಒಮ್ಮೆ ಇಯರ್‌ಫೋನ್ ತೆಗೆದು ನೋಡಿದೆ.

ಅದಕ್ಕೂ ಎರಡು ವರ್ಷ ಮೊದಲು, ಶಿವಮೊಗ್ಗದಲ್ಲಿ ಓದುವಾಗ, ದುರ್ಗಿಗುಡಿಯ ಗೆಳೆಯನ ರೂಮಿನಲ್ಲಿ ಇದೇ ಹಾಡು ಕೇಳಿ ತಲೆ ಸಿಡಿದು ಎದ್ದು ಬಂದಿದ್ದೆ. ಅಲ್ಲಿ ನಾಲ್ಕೈದು ಜನ ಮಾತಾಡುತ್ತಿದ್ದೆವು. ಸ್ಪೀಕರಿನ ಪರದೆ ಹರಿದಿತ್ತು. ಯಾವ ಹಾಡನ್ನೂ ಪೂರ್ತಿ ಬಿಡದೆ ಮುಂದಿನದಕ್ಕೆ ಹಾರುತ್ತಿದ್ದೆವು. ಜಗುಲಿಯಲ್ಲಿ ಒಬ್ಬನೇ ಕೂತು, ಮೊದಲಿಂದ ಕೊನೆಯವರೆಗೆ, ಏನೂ ಮಾಡದೆ ಕೇಳಿದೆ. ಈ ಸಂಗೀತ ಹಿಡಿಸುವುದು, ಹಿಡಿಸದೆ ಇರುವುದು ಬಹುಪಾಲು ನಾವು ಕೇಳುವ ರೀತಿಯ ಮೇಲೆ ನಿಂತಿದೆ ಎಂದು ಆವತ್ತು ಗೊತ್ತಾಯಿತು. ಆ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೂನಿನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ತೋಟಕ್ಕೆ ಇಳಿಯೋಕೆ ಆಗಲ್ಲ, ಪೇಟೆಗೆ ಹೋಗೋಕೆ ಮನಸ್ಸಾಗಲ್ಲ. ಮೂರು ದಿನಕ್ಕೆ ಒಂದು ಆಲ್ಬಂ ಎಂದಿಟ್ಟುಕೊಂಡರೂ ಮಳೆಗಾಲ ಮುಗಿಯುವಷ್ಟರಲ್ಲಿ ನಲವತ್ತು ಆಲ್ಬಂ ನಿಮ್ಮದಾಗುತ್ತವೆ.

ಮೊದಲ ಹಂತ: ಸಾಮಾನು ಹೊಂದಿಸಿಕೊಳ್ಳಿ

ಇದಕ್ಕೆ ಹೆಚ್ಚು ಖರ್ಚಿಲ್ಲ. ಫೋನಿಗಿರುವ ಸ್ಪೀಕರಿನಲ್ಲಂತೂ ಕೇಳಬೇಡಿ. ಅದರಲ್ಲಿ ತಗ್ಗು ಸ್ವರದ, ದಪ್ಪ ದನಿಯ ಬೇಸ್ ಗಿಟಾರು ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣಗಾಗುತ್ತದೆ. ಈ ಸಂಗೀತದ ಅರ್ಧ ತೂಕ ಇರುವುದೇ ಅಲ್ಲಿ. ಕಿವಿಯೊಳಗೆ ಸರಿಯಾಗಿ ಕೂರುವ ಒಂದು ವೈರಿನ ಇಯರ್‌ಫೋನ್ ಸಾಕು.

ನಮ್ಮ ಕಡೆ ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ, ಒಳ್ಳೆ ನೆಟ್ ಸಿಕ್ಕಲ್ಲಿ, ವಾರಕ್ಕೆ ಬೇಕಾದ ಎರಡು ಮೂರು ಆಲ್ಬಂ ಇಳಿಸಿಟ್ಟುಕೊಳ್ಳಿ. ಒಳ್ಳೆ ಗುಣಮಟ್ಟದ ಎಂಪಿ3 ಆದರೆ 40 ನಿಮಿಷದ ಆಲ್ಬಂ ಸುಮಾರು 100 ಎಂಬಿ ಆಗುತ್ತದೆ. ಫೋನಿನಲ್ಲಿ ಅಷ್ಟು ಜಾಗ ಯಾರಿಗೂ ಇರುತ್ತದೆ.

ಜೊತೆಗೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಎರಡನೇ ಹಂತ: ನಿಮ್ಮ ಕಿವಿಗೆ ಆಗಲೇ ಗೊತ್ತಿರುವುದನ್ನು ಗುರುತಿಸಿ

"ಇದು ನಮ್ಮ ಸಂಗೀತ ಅಲ್ಲ, ನಮಗೆ ಅರ್ಥ ಆಗಲ್ಲ" ಎಂದು ಹೇಳುವವರನ್ನು ನಾನು ತುಂಬ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಮಳೆ ಬಿಟ್ಟ ಮೇಲೆ ರಾತ್ರಿಯಿಡೀ ಕೂತು ಯಕ್ಷಗಾನ ನೋಡುವವರು, ಅಡಿಕೆ ಸುಲಿಯುವಾಗ ಪ್ರಸಂಗದ ಕ್ಯಾಸೆಟ್ ಹಾಕಿಕೊಂಡು ಬೆಳೆದವರು. ಅಂಥವರಿಗೆ ಹೆವಿ ಮೆಟಲ್ ಬೇರೆಯವರಿಗಿಂತ ಬೇಗ ಒಗ್ಗಬೇಕು. ಯಾಕೆಂದು ಹೇಳುತ್ತೇನೆ.

ಮೊದಲು ಗಿಟಾರಿನ ಸದ್ದು. ರಾಕ್ ಗಿಟಾರಿನ ಆ ಗರಗರ ಸದ್ದಿಗೆ ಡಿಸ್ಟಾರ್ಷನ್ ಎನ್ನುತ್ತಾರೆ. ಆಂಪ್ಲಿಫೈಯರಿಗೆ ತಡೆಯುವುದಕ್ಕಿಂತ ಜಾಸ್ತಿ ಸದ್ದು ತುಂಬಿದಾಗ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಆಗ ಮೂಲ ಸ್ವರದ ಜೊತೆ ಹೊಸ ಹೊಸ ಸ್ವರಗಳು ಹುಟ್ಟಿಕೊಳ್ಳುತ್ತವೆ. ಇಂಥ ಸದ್ದಿನಲ್ಲಿ ಮೂರ್ನಾಲ್ಕು ಸ್ವರ ಒಟ್ಟಿಗೆ ನುಡಿಸಿದರೆ ಕೆಸರು ಕಲಕಿದ ಹಾಗಾಗುತ್ತದೆ. ಎರಡೇ ಸ್ವರ ನುಡಿಸಿದರೆ ಗಟ್ಟಿಯಾಗಿ, ಸ್ವಚ್ಛವಾಗಿ ನಿಲ್ಲುತ್ತದೆ. ಯಾವ ಎರಡು ಗೊತ್ತಾ? ಷಡ್ಜ ಮತ್ತು ಪಂಚಮ. ತಂಬೂರಿಯಲ್ಲಿ, ಶ್ರುತಿಪೆಟ್ಟಿಗೆಯಲ್ಲಿ ನಾವು ಹುಟ್ಟಿದಾಗಿನಿಂದ ಕೇಳಿದ ಅದೇ ಸ, ಪ. ಗಿಟಾರಿನವರು ಅದನ್ನು ಪವರ್ ಕಾರ್ಡ್ ಎಂದು ಕರೆಯುತ್ತಾರೆ. ಮೆಟಲ್ ಸಂಗೀತದ ಕಂಬ, ತೊಲೆ ಎಲ್ಲ ಅದೇ.

ಇನ್ನು ಆ ಮಳೆಯ ಹಾಡಿನ ಮೂರು ಸ್ವರ. ಕೆಳಗಿನ ಸ, ಮೇಲಿನ ಸ, ಆಮೇಲೆ ನಡುವೆ ಬಂದು ನಡುಗುವ ಪ್ರತಿಮಧ್ಯಮ. ಅಷ್ಟೇ. ಕಲ್ಯಾಣಿ ರಾಗದಲ್ಲಿ ಇದೇ ಪ್ರತಿಮಧ್ಯಮ ಎಷ್ಟು ಹಿತವಾಗಿ ಕೇಳುತ್ತದೆ! ಅಲ್ಲಿ ಅದು ಪಕ್ಕದ ಪಂಚಮಕ್ಕೆ ಒರಗಿಕೊಳ್ಳುತ್ತದೆ. ಇಲ್ಲಿ ಒರಗಲು ಪಂಚಮ ಬರುವುದೇ ಇಲ್ಲ. ಸ್ವರ ಹೆಜ್ಜೆ ತಪ್ಪಿ ಗಾಳಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಕೇಳುವವರಿಗೆ ಎದೆ ಜುಮ್ಮೆನ್ನುವುದು ಅದಕ್ಕೇ. ಐರನ್ ಮೇಡನ್ ಬ್ಯಾಂಡಿನ ಹಾಡುಗಳ ಸ್ವರ ಹಿಡಿದು ನೋಡಿದರೆ ಎಷ್ಟೋ ಕಡೆ ನಮ್ಮ ನಠಭೈರವಿಯ ಮೇಳವೇ ಸಿಗುತ್ತದೆ. ಸಂಗೀತ ಕಲಿತ ಅಕ್ಕನೋ ತಂಗಿಯೋ ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಸ್ವರ ಗುರುತಿಸಲು ಹೇಳಿ. ನನಗೆ ಇದನ್ನೆಲ್ಲ ತೋರಿಸಿಕೊಟ್ಟಿದ್ದು ವೀಣೆ ಕಲಿತಿದ್ದ ನನ್ನ ಅತ್ತಿಗೆ.

ತಾಳದ ಮಾತು. ಐರನ್ ಮೇಡನ್‌ನಲ್ಲಿ ಬೇಸ್ ಗಿಟಾರು ತಾಂ-ತಕ ತಾಂ-ತಕ ಎಂದು ಕುದುರೆ ಓಡಿದ ಹಾಗೆ ಓಡುತ್ತದೆ. ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಂ ದಿ ಡಾರ್ಕ್ ಸೈಡ್ ಆಫ್ ದಿ ಮೂನ್‌ನಲ್ಲಿ ಮನಿ ಎಂಬ ಹಾಡಿದೆ. ಅದು ಬಹುಪಾಲು ಏಳು ಎಣಿಕೆಯಲ್ಲಿ ನಡೆಯುತ್ತದೆ. ಮಿಶ್ರಛಾಪು ಗೊತ್ತಿದ್ದವರು ಕೈಯಲ್ಲಿ ತಾಳ ಹಾಕಿಕೊಂಡೇ ಕೇಳಬಹುದು. ಎರಡೂ ಕಾಲಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವ ಮೆಟಲ್ ಡ್ರಮ್ಮರ್‌ಗಳನ್ನು ಕೇಳುವಾಗ ನನಗೆ ನೆನಪಾಗುವುದು ಬಡಗುತಿಟ್ಟಿನ ಚೆಂಡೆ, ಯುದ್ಧದ ಸನ್ನಿವೇಶದಲ್ಲಿ ಏರುತ್ತಾ ಏರುತ್ತಾ ಹೋಗುವ ಆ ಹುಯ್ಲು. ಡೊಳ್ಳು ಕುಣಿತದ ಮೆರವಣಿಗೆ ಮುಂದೆ ನಿಂತಿದ್ದೀರಲ್ವಾ? ಡೊಳ್ಳಿನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬೀಳುತ್ತದೆ. ಬೇಸ್ ಗಿಟಾರನ್ನು ಅಲ್ಲಿಯೇ ಹುಡುಕಬೇಕು.

ಮೂರನೇ ಹಂತ: ಬರ್ಮಿಂಗ್‌ಹ್ಯಾಮ್‌ನಿಂದ ಶುರು ಮಾಡಿ

ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಹೊಸಬರ ದೊಡ್ಡ ಗೊಂದಲ. ರಾಕ್‌ನ ಬೇರು ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬ ಸಂಗೀತದಲ್ಲಿದೆ. 1950ರ ದಶಕದಲ್ಲಿ ಚಕ್ ಬೆರ್ರಿ ಅಂಥವರು ಅದನ್ನು ಓಟಕ್ಕೆ ಹಚ್ಚಿದರು. 1967ರಲ್ಲಿ ಜಿಮಿ ಹೆಂಡ್ರಿಕ್ಸ್‌ನ ಮೊದಲ ಆಲ್ಬಂ ಬಂದ ಮೇಲೆ ಗಿಟಾರು ಮೊದಲಿನ ಹಾಗೆ ಉಳಿಯಲಿಲ್ಲ. ಇದನ್ನೆಲ್ಲ ವರ್ಷದ ಲೆಕ್ಕದಲ್ಲಿ ಮೊದಲಿಂದ ಕೇಳುತ್ತಾ ಬರಬೇಕಿಲ್ಲ. ಹಾಗೆ ಹೊರಟವರು ನಡುವೆಯೇ ಸುಸ್ತಾಗುತ್ತಾರೆ. ನಡುವಿನ ಒಂದು ಗಟ್ಟಿ ಜಾಗದಲ್ಲಿ ನಿಂತು ಹಿಂದಕ್ಕೂ ಮುಂದಕ್ಕೂ ನಡೆಯುವುದು ಒಳ್ಳೆಯದು. ನನ್ನ ಮಟ್ಟಿಗೆ ಆ ಜಾಗ ಬ್ಲ್ಯಾಕ್ ಸಬಾತ್‌ನ ಮೊದಲ ಎರಡು ಆಲ್ಬಂ. ಬ್ಲ್ಯಾಕ್ ಸಬಾತ್ ಮತ್ತು ಪ್ಯಾರನಾಯ್ಡ್, ಎರಡೂ 1970ರವು.

ನಾಲ್ವರು ಬಡ ಹುಡುಗರ ಬ್ಯಾಂಡು ಅದು. ಹಾಡಲು ಆಝಿ ಆಸ್ಬರ್ನ್, ಬೇಸ್‌ಗೆ ಗೀಝರ್ ಬಟ್ಲರ್, ಡ್ರಮ್ಸ್‌ಗೆ ಬಿಲ್ ವಾರ್ಡ್, ಗಿಟಾರಿಗೆ ಟೋನಿ ಅಯೋಮಿ. ಊರು ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಊರು. ನಮ್ಮ ಭದ್ರಾವತಿಯನ್ನು ನೆನೆಸಿಕೊಳ್ಳಿ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರು, ಸೈರನ್ನಿನ ಲೆಕ್ಕದಲ್ಲಿ ಏಳುತ್ತಿದ್ದ ಮಲಗುತ್ತಿದ್ದ ಮನೆಗಳು. ನನ್ನ ದೊಡ್ಡಪ್ಪ ಅಲ್ಲಿ ಕೆಲಸಕ್ಕಿದ್ದರು. ರಜೆಗೆ ಅಲ್ಲಿಗೆ ಹೋದಾಗ ರಾತ್ರಿ ದೂರದಿಂದ ಕಾರ್ಖಾನೆಯ ಸದ್ದು ಕೇಳುತ್ತಿತ್ತು. ಸಬಾತ್ ಕೇಳಿದಾಗೆಲ್ಲ ನನಗೆ ಆ ಕ್ವಾರ್ಟರ್ಸಿನ ಹಾಸಿಗೆ ನೆನಪಿಗೆ ಬರುತ್ತದೆ.

ಅಯೋಮಿಗೆ ಆಗ 17 ವರ್ಷ. ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸ. ಬ್ಯಾಂಡಿನ ಜೊತೆ ಹೋಗಬೇಕೆಂದು ಕೆಲಸ ಬಿಟ್ಟಿದ್ದ. ಕೊನೆಯ ದಿನ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವನು ಎಡಗೈಯವನು. ಹಾಗಾಗಿ ತಂತಿ ಒತ್ತುವ ಕೈಯೇ ಬಲಗೈ. ಮುಗಿಯಿತು, ಇನ್ನು ಗಿಟಾರಿಲ್ಲ ಎಂದು ಕೂತವನಿಗೆ ಕಾರ್ಖಾನೆಯ ಮೇಲಿನವರೊಬ್ಬರು ಒಂದು ರೆಕಾರ್ಡ್ ತಂದು ಕೇಳಿಸಿದರು. ನುಡಿಸುತ್ತಿದ್ದವನು ಜಾಂಗೊ ರೈನ್‌ಹಾರ್ಟ್. ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳಲ್ಲಿ ಸೋಲೋ, ಅಂದರೆ ಒಂಟಿ ವಾದನ, ನುಡಿಸುತ್ತಿದ್ದ ಗಿಟಾರಿಸ್ಟ್. ಅದನ್ನು ಕೇಳಿ ಅಯೋಮಿ ಎದ್ದ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಲು ನೋವಾಗುತ್ತಿದ್ದರಿಂದ ತೆಳು ತಂತಿ ಹಾಕಿದ. ಮುಂದೆ 1971ರ ಮೂರನೇ ಆಲ್ಬಂನಲ್ಲಿ ತಂತಿಗಳನ್ನೇ ಸಡಿಲ ಮಾಡಿ ಶ್ರುತಿ ಕೆಳಗಿಳಿಸಿದ. ಗಿಟಾರು ಇನ್ನೂ ಭಾರವಾಯಿತು, ಇನ್ನೂ ಕತ್ತಲಾಯಿತು. ಇವತ್ತು ಜಗತ್ತಿನ ಎಷ್ಟೋ ಮೆಟಲ್ ಬ್ಯಾಂಡುಗಳು ಶ್ರುತಿ ಇಳಿಸಿಯೇ ನುಡಿಸುತ್ತವೆ. ಗಾಯಗೊಂಡ ಎರಡು ಬೆರಳಿನಿಂದ ಬಂದ ಸದ್ದು ಅದು. ನಾನು ಇದನ್ನು ಓದಿದ ಮೇಲೆ ಆ ಆಲ್ಬಂ ಮತ್ತೆ ಕೇಳಿದೆ. ಪ್ರತಿ ಸ್ವರದ ಹಿಂದೆ ಒಂದು ಹಟ ಕೇಳಿಸಿತು.

ಆಝಿ ತೀರಿಕೊಂಡಿದ್ದು 2025ರ ಜುಲೈ 22ಕ್ಕೆ. ಅದಕ್ಕೆ ಹದಿನೇಳು ದಿನ ಮೊದಲಷ್ಟೇ, ಜುಲೈ 5ರಂದು, ಹುಟ್ಟಿದೂರಿನಲ್ಲೇ ಹಳೆಯ ಮೂವರ ಜೊತೆ ಕೊನೆಯ ಸಲ ಹಾಡಿದ್ದರು. ನಿಲ್ಲಲು ಆಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತೇ ಹಾಡಿದರು.

ನಾಲ್ಕನೇ ಹಂತ: ಒಂದು ಆಲ್ಬಂ, ಮೂರು ಸಲ

ಹಾಡು ಹಾಡಾಗಿ ಕೇಳಬೇಡಿ. ಆಗಿನ ಆಲ್ಬಂಗಳು ಒಂದು ಬದಿಗೆ ಸುಮಾರು 20 ನಿಮಿಷ ಹಿಡಿಯುವ ರೆಕಾರ್ಡಿಗೆಂದು ಮಾಡಿದವು. ಯಾವ ಹಾಡಿನ ಮುಂದೆ ಯಾವುದು ಬರಬೇಕು ಎಂದು ಯೋಚಿಸಿ ಜೋಡಿಸಿದ್ದಾರೆ. ಪ್ರಸಂಗದ ನಡುವಿನ ಒಂದು ಪದ್ಯ ಮಾತ್ರ ಕೇಳಿ ಎದ್ದರೆ ಏನು ಸಿಕ್ಕೀತು?

ಮೊದಲ ದಿನ ಸುಮ್ನೆ ಕೇಳಿ. ಫೋನ್ ಮಗುಚಿ ಇಡಿ. ಇಷ್ಟವಾಯಿತಾ ಇಲ್ಲವಾ ಎಂದು ತೀರ್ಮಾನ ಮಾಡಬೇಡಿ.

ಎರಡನೇ ದಿನ ಒಂದೇ ವಾದ್ಯದ ಬೆನ್ನು ಹತ್ತಿ. ನನ್ನ ಸಲಹೆ ಬೇಸ್. ಎಲ್ಲರೂ ಗಿಟಾರ್ ಸೋಲೋ ಕೇಳುತ್ತಾರೆ, ಕೆಳಗೆ ಬೇಸ್ ಏನು ಮಾಡುತ್ತಿದೆ ಎಂದು ಗಮನಿಸುವವರು ಕಡಿಮೆ. ಗೀಝರ್ ಬಟ್ಲರ್‌ನ ಬೆರಳು ಗಿಟಾರಿನ ಜೊತೆ ಎಲ್ಲಿ ಹೋಗುತ್ತದೆ, ಎಲ್ಲಿ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ ಎಂದು ಕೇಳುತ್ತಾ ಹೋದರೆ ಅದೇ ಆಲ್ಬಂ ಬೇರೆಯದೇ ಆಗುತ್ತದೆ.

ಮೂರನೇ ದಿನ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ. ಮೆಟಲ್ ಹಾಡುಗಳಲ್ಲಿ ಯುದ್ಧ, ಹುಚ್ಚು, ಸಾವು, ಇತಿಹಾಸ ಜಾಸ್ತಿ. ಪ್ಯಾರನಾಯ್ಡ್ ಆಲ್ಬಂನ ಮೊದಲ ಹಾಡು ಯುದ್ಧ ಮಾಡಿಸುವ ದೊಡ್ಡವರ ಮೇಲಿನ ಸಿಟ್ಟು. ಐರನ್ ಮೇಡನ್ 1984ರ ಪವರ್‌ಸ್ಲೇವ್ ಆಲ್ಬಂನಲ್ಲಿ ಕೋಲರಿಜ್ ಎಂಬ ಇಂಗ್ಲಿಷ್ ಕವಿಯ ಹಳೆಯ ಕಥನಕವನವನ್ನು 13 ನಿಮಿಷಕ್ಕೂ ಮೀರಿದ ಹಾಡು ಮಾಡಿದೆ. ನಾವಿಕನೊಬ್ಬ ಹಕ್ಕಿ ಕೊಂದು ಶಾಪ ಹೊತ್ತ ಕಥೆ. ಮತ್ತೂರು, ಹೊಸಹಳ್ಳಿಯ ಗಮಕ ಕೇಳಿದವರಿಗೆ ಇದು ಹೊಸದೇನಲ್ಲ. ಕಾವ್ಯವನ್ನು ಕಥೆ ಕೆಡದ ಹಾಗೆ ರಾಗದಲ್ಲಿ ಹೇಳುವುದು ಎಂದರೆ ಏನೆಂದು ನಮಗೆ ಗೊತ್ತು.

ಮೂರೂ ಸಲ ಕೇಳಿದ ಮೇಲೆ ನೋಟ್‌ಬುಕ್ ತೆಗೆಯಿರಿ. ಆಲ್ಬಂ ಹೆಸರು, ವರ್ಷ, ಯಾರು ಯಾರು ನುಡಿಸಿದ್ದಾರೆ, ನಿಮಗೆ ತಟ್ಟಿದ ಜಾಗ ಯಾವುದು, ನಾಲ್ಕು ಸಾಲು ಬರೆಯಿರಿ. ಇಷ್ಟವಾಗದಿದ್ದರೆ ಅದನ್ನೂ ಬರೆಯಿರಿ. ನನ್ನ ಹಳೆಯ ಪುಸ್ತಕದಲ್ಲಿ "ಆಗಲ್ಲ" ಎಂದು ಬರೆದಿಟ್ಟ ಐದಾರು ಆಲ್ಬಂ ಈಗ ನನಗೆ ತುಂಬ ಬೇಕಾದವು.

ಐದನೇ ಹಂತ: ಮನುಷ್ಯರ ಹಿಂದೆ ಹೋಗಿ

ಹೊಸ ಆಲ್ಬಂ ಹುಡುಕಲು ಆ್ಯಪ್ ತಾನಾಗಿ ಕೊಡುವ ಪಟ್ಟಿ ನಂಬಿದರೆ ಒಂದೇ ತರಹದ ಹಾಡುಗಳಲ್ಲಿ ಸುತ್ತುತ್ತಾ ಇರುತ್ತೀರಿ. ನೋಟ್‌ಬುಕ್ಕಿನಲ್ಲಿ ಬರೆದ ಹೆಸರುಗಳೇ ಒಳ್ಳೆ ದಾರಿ. ಒಬ್ಬ ಕಲಾವಿದನನ್ನು ಹಿಡಿದು ಅವನು ಹೋದಲ್ಲೆಲ್ಲ ಹೋಗಿ. ಮೇಳ ಬದಲಿಸಿದ ಭಾಗವತರನ್ನು ಅಭಿಮಾನಿಗಳು ಹಿಂಬಾಲಿಸುವ ಹಾಗೆ.

ನಾನು ಎಲ್ಲರಿಗೂ ಹೇಳುವ ಒಂದು ದಾರಿ ಇದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನಾನೇ ಮಾಡಿಕೊಂಡಿದ್ದು. ಆರು ಆಲ್ಬಂ, ಎಲ್ಲ ಸೇರಿ ನಾಲ್ಕು ಗಂಟೆಗೆ ಚೂರು ಜಾಸ್ತಿ. ರೈಲು ಹೊರಟ ಕೂಡಲೇ ಡೀಪ್ ಪರ್ಪಲ್‌ನ ಮಷೀನ್ ಹೆಡ್ ಹಾಕಿ, 1972ರದು. ಅದರಲ್ಲಿ ಸ್ವಿಟ್ಜರ್‌ಲೆಂಡಿನ ಮಾಂತ್ರೋ ಎಂಬ ಊರಿನಲ್ಲಿ ಸಂಗೀತ ಕಾರ್ಯಕ್ರಮದ ನಡುವೆ ಕಸಿನೊಗೆ ಬೆಂಕಿ ಬಿದ್ದು, ಹೊಗೆ ಸರೋವರದ ಮೇಲೆ ಹರಡಿದ್ದನ್ನು ಕಣ್ಣಾರೆ ಕಂಡು ಕಟ್ಟಿದ ಹಾಡಿದೆ. ಗಿಟಾರ್ ಹಿಡಿದ ಪ್ರತಿ ಹುಡುಗನೂ ಮೊದಲು ಕಲಿಯುವ ರಿಫ್, ಅಂದರೆ ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ತುಣುಕು, ಅದರದೇ. ಭದ್ರಾವತಿ ಬರುವುದು ಈ ಆಲ್ಬಂ ನಡೆಯುವಾಗಲೇ. ಡೀಪ್ ಪರ್ಪಲ್‌ನ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಆಮೇಲೆ ರೇನ್‌ಬೋ ಎಂಬ ಬ್ಯಾಂಡ್ ಕಟ್ಟಿದ. ಅದರ 1976ರ ರೈಸಿಂಗ್ ಎರಡನೆಯದು. ಅಲ್ಲಿ ಹಾಡಿದವನು ರಾನಿ ಜೇಮ್ಸ್ ಡಿಯೋ. ಕುಳ್ಳ ಆಳು, ಬೆಟ್ಟದಷ್ಟು ದನಿ. ಡಿಯೋ ಅಲ್ಲಿಂದ ಬ್ಲ್ಯಾಕ್ ಸಬಾತ್‌ಗೆ ಬಂದ. 1980ರ ಹೆವನ್ ಅಂಡ್ ಹೆಲ್ ಕೇಳಿ, ಅದೇ ಅಯೋಮಿ ಎಷ್ಟು ಬೇರೆಯಾಗಿ ನುಡಿಸುತ್ತಾನೆ ನೋಡಿ. ಆಮೇಲೆ ಈ ದಾರಿ ಬಿಟ್ಟು ಚೂರು ಆಚೆ, ಐರನ್ ಮೇಡನ್‌ನ 1982ರ ದಿ ನಂಬರ್ ಆಫ್ ದಿ ಬೀಸ್ಟ್. ಅಲ್ಲಿಂದ ಮತ್ತೆ ಡಿಯೋ, ಈ ಸಲ ಅವನದೇ ಬ್ಯಾಂಡಿನ 1983ರ ಹೋಲಿ ಡೈವರ್. ಕೊನೆಗೆ ಮೆಟಾಲಿಕಾದ ಮಾಸ್ಟರ್ ಆಫ್ ಪಪೆಟ್ಸ್, 1986. ಇದಕ್ಕೆ ತುಮಕೂರು ದಾಟಿರುತ್ತದೆ. ಮೊದಲ ಆಲ್ಬಂಗೂ ಇದಕ್ಕೂ ನಡುವೆ ಹದಿನಾಲ್ಕೇ ವರ್ಷ. ಅಷ್ಟರಲ್ಲಿ ವೇಗ ಎಷ್ಟು ಏರಿದೆ ಎಂದು ಒಂದೇ ಪ್ರಯಾಣದಲ್ಲಿ ಕಿವಿಗೇ ತಿಳಿಯುತ್ತದೆ.

ಡಿಯೋ ಬಗ್ಗೆ ಇನ್ನೊಂದು ಮಾತು. ಮೆಟಲ್ ಅಭಿಮಾನಿಗಳು ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನ ಹಾಗೆ ಕೈ ತೋರಿಸುತ್ತಾರಲ್ಲ, ಅದನ್ನು ಜನಪ್ರಿಯ ಮಾಡಿದವನು ಅವನೇ. ಇಟಲಿ ಮೂಲದ ತನ್ನ ಅಜ್ಜಿ ಕೆಟ್ಟ ಕಣ್ಣು ಬೀಳದಿರಲೆಂದು ಹಾಗೆ ಕೈ ಮಾಡುತ್ತಿದ್ದಳು ಎಂದು ಅವನು ಹೇಳಿಕೊಂಡಿದ್ದಾನೆ. ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುವ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ.

ಆರನೇ ಹಂತ: ನಿಮ್ಮ ಕೊಂಬೆ ಆರಿಸಿಕೊಳ್ಳಿ

1980ರ ನಂತರ ಮೆಟಲ್ ಹಲಸಿನ ಮರದ ಹಾಗೆ ಕವಲೊಡೆಯಿತು. ಎಲ್ಲ ಕೊಂಬೆಗೂ ಹತ್ತಬೇಕಿಲ್ಲ.

ವೇಗ ಇಷ್ಟವಾದರೆ ಥ್ರಾಶ್. ಮೆಟಾಲಿಕಾ, ಮೆಗಾಡೆತ್, ಸ್ಲೇಯರ್, ಆಂಥ್ರಾಕ್ಸ್ ಇದರ ನಾಲ್ಕು ದೊಡ್ಡ ಹೆಸರು. ಮೆಟಾಲಿಕಾದಿಂದ ಹೊರಬಿದ್ದ ಡೇವ್ ಮಸ್ಟೇನ್ ಕಟ್ಟಿದ್ದೇ ಮೆಗಾಡೆತ್. ಅದರ 1990ರ ರಸ್ಟ್ ಇನ್ ಪೀಸ್ ಬಿಡಬೇಡಿ. ಸ್ಲೇಯರ್‌ನ 1986ರ ರೇನ್ ಇನ್ ಬ್ಲಡ್ 29 ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಅದನ್ನು ಮೊದಲ ತಿಂಗಳೇ ಕೇಳಬೇಡಿ. ಲೆಕ್ಕಾಚಾರದ ತಾಳ, ಉದ್ದ ಹಾಡು ಬೇಕಾದರೆ ಪ್ರೋಗ್ರೆಸಿವ್. ಡ್ರೀಮ್ ಥಿಯೇಟರ್‌ನ 1992ರ ಇಮೇಜಸ್ ಅಂಡ್ ವರ್ಡ್ಸ್‌ನಿಂದ ಶುರು ಮಾಡಬಹುದು.

ನಮ್ಮ ಮಳೆಗೆ ಸರಿಯಾಗಿ ಹೊಂದುವುದು ಡೂಮ್. ನಿಧಾನ, ಭಾರ, ದುಃಖ. ಸ್ವೀಡನ್ನಿನ ಕ್ಯಾಂಡಲ್‌ಮಾಸ್‌ನ 1986ರ ಮೊದಲ ಆಲ್ಬಂ ಹಾಕಿಕೊಂಡು ಆಗುಂಬೆ ಘಾಟಿಯ ಮಂಜಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ನೋಡಿ. ಮಂಜು, ಬಂಡೆ, ತಿರುವು ಎಲ್ಲ ಆ ತಾಳಕ್ಕೇ ಚಲಿಸಿದ ಹಾಗಿರುತ್ತದೆ. ಕಾಡಿನ ಗುಂಗಿನ ಸಂಗೀತ ಬೇಕೆಂದರೆ ಅಮೆರಿಕದ ಆಗಲೋಕ್ ಬ್ಯಾಂಡಿನ 2002ರ ದಿ ಮ್ಯಾಂಟಲ್. ಅದರಲ್ಲಿ ತಂತಿ ಮೀಟುವ ಸಾದಾ ಗಿಟಾರೂ ಇದೆ, ಚೀರಾಟವೂ ಇದೆ.

ಬ್ಲ್ಯಾಕ್ ಮೆಟಲ್ ಎಂಬ ಇನ್ನೊಂದು ಕೊಂಬೆಯ ವಿಷಯದಲ್ಲಿ ಎಚ್ಚರ ಬೇಕು. 1990ರ ದಶಕದ ಶುರುವಿನಲ್ಲಿ ನಾರ್ವೆಯ ಆ ಗುಂಪಿನ ಕೆಲವರು ಹಳೆಯ ಮರದ ಚರ್ಚುಗಳಿಗೆ ಬೆಂಕಿ ಇಟ್ಟರು, ಕೊಲೆಯೂ ಆಯಿತು. ಜನಾಂಗ ದ್ವೇಷ ಹಾಡುವ ಬ್ಯಾಂಡುಗಳೂ ಅಲ್ಲಿವೆ. ದುಡ್ಡು ಕೊಡುವ ಮೊದಲು ಯಾರು, ಏನು ಎಂದು ವಿಚಾರಿಸಿ. ನಾನಂತೂ ಅಂಥವನ್ನು ಕೇಳುವುದಿಲ್ಲ. ಇದನ್ನು ಬಿಟ್ಟರೆ ಆಲ್ಬಂ ಹೊದಿಕೆಯ ದೆವ್ವ, ತಲೆಬುರುಡೆ ನೋಡಿ ಮನೆಯಲ್ಲಿ ಯಾರೂ ಹೆದರಬೇಕಿಲ್ಲ. ಅದು ವೇಷ. ರಾವಣನ ಪಾತ್ರ ಮಾಡಿದವರನ್ನು ಮರುದಿನ ಊಟಕ್ಕೆ ಕರೆಯುವ ಊರಿನವರು ನಾವು.

ಏಳನೇ ಹಂತ: ಆರ್ಭಟಕ್ಕೆ ಹೆದರಬೇಡಿ

ಹೆಚ್ಚಿನವರು ನಿಂತುಬಿಡುವುದು ಇಲ್ಲಿ. "ಅದೇನು ಹಾಡೋ, ಬರೀ ಗರ್ಜನೆ" ಎನ್ನುತ್ತಾರೆ. ಆ ಗರ್ಜನೆಗೆ ಗ್ರೌಲ್ ಎಂದು ಹೆಸರು. ಸುಮ್ನೆ ಕಿರುಚುವುದಲ್ಲ. ಗಂಟಲಿನಲ್ಲಿ ಸ್ವರತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಅವನ್ನು ಉಸಿರಿನಿಂದ ಹದವಾಗಿ ಕಂಪಿಸುವಂತೆ ಮಾಡಿ ಆ ದನಿ ತರುತ್ತಾರೆ. ಕಲಿಯಲು ವರ್ಷಗಳು ಬೇಕು. ಬರೀ ಗಂಟಲು ಹರಿದುಕೊಂಡರೆ ಎರಡೇ ದಿನದಲ್ಲಿ ದನಿ ಬಿದ್ದುಹೋಗುತ್ತದೆ.

ಯಕ್ಷಗಾನದಲ್ಲಿ ರಾಕ್ಷಸ ವೇಷ ಬರುವ ಹೊತ್ತು ನೆನಪು ಮಾಡಿಕೊಳ್ಳಿ. ತೆರೆಯ ಹಿಂದಿನಿಂದಲೇ ಅಟ್ಟಹಾಸ ಕೇಳುತ್ತದೆ. ಮಾತಿಲ್ಲ, ಅರ್ಥವಿಲ್ಲ, ಆದರೂ ಯಾರು ಬಂದರೆಂದು ನಿದ್ದೆಯಲ್ಲಿದ್ದ ಮಗುವಿಗೂ ಗೊತ್ತಾಗುತ್ತದೆ. ಗ್ರೌಲನ್ನೂ ಹಾಗೇ, ಒಂದು ವಾದ್ಯದ ಹಾಗೆ ಕೇಳಿ. ಒಪೆತ್ ಬ್ಯಾಂಡಿನ 2001ರ ಬ್ಲ್ಯಾಕ್‌ವಾಟರ್ ಪಾರ್ಕ್ ಒಳ್ಳೆ ಮೆಟ್ಟಿಲು. ಒಬ್ಬನೇ ಹಾಡುಗಾರ ಒಂದು ಕಡೆ ಆರ್ಭಟಿಸಿ ಮರುಕ್ಷಣ ಮೆಲುದನಿಗೆ ಇಳಿಯುತ್ತಾನೆ. ಎರಡೂ ಒಂದೇ ಗಂಟಲಿನದು ಎಂದು ಕೇಳಿದ ಮೇಲೆ ಹೆದರಿಕೆ ಹೋಗುತ್ತದೆ. ಗಂಡಸರದೇ ದನಿ ಅಂತಲೂ ಇಲ್ಲ. ಉಕ್ರೇನಿನ ಜಿಂಜರ್ ಬ್ಯಾಂಡಿನ ಹಾಡುಗಾರ್ತಿಯನ್ನು ಕೇಳಿ.

ಎಂಟನೇ ಹಂತ: ಹೊಸದನ್ನು ಹುಡುಕಿ, ಹತ್ತಿರದ್ದನ್ನೂ

ಹಳೆಯದರಲ್ಲೇ ಮುಳುಗಿ "ಈಗ ಏನೂ ಬರ್ತಿಲ್ಲ" ಎನ್ನುವುದು ತಪ್ಪು. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಫ್ರಾನ್ಸಿನ ಗೊಜಿರಾ ಎಂಬ ಮೆಟಲ್ ಬ್ಯಾಂಡ್ ಹಳೆಯ ಕೋಟೆಯಂಥ ಕಟ್ಟಡದ ಕಿಟಕಿಗಳಲ್ಲಿ ನಿಂತು ನುಡಿಸಿದ್ದನ್ನು ಜಗತ್ತೇ ನೋಡಿತು. ಮಂಗೋಲಿಯದ ದಿ ಹೂ ಬ್ಯಾಂಡ್ ಕುದುರೆ ತಲೆಯ ಎರಡು ತಂತಿ ವಾದ್ಯವನ್ನೂ ಗಂಟಲ ಗಾಯನವನ್ನೂ ಮೆಟಲ್‌ಗೆ ಸೇರಿಸಿದೆ.

ಹುಡುಕಲು ಇಂಟರ್‌ನೆಟ್ಟಿನಲ್ಲಿ ಎರಡು ಜಾಗ ಸಾಕು. ಮೆಟಲ್ ಆರ್ಕೈವ್ಸ್ ಎಂಬ ದೊಡ್ಡ ಕೋಶದಲ್ಲಿ ಯಾವ ಬ್ಯಾಂಡಿನಲ್ಲಿ ಯಾರಿದ್ದರು, ಆಮೇಲೆ ಎಲ್ಲಿಗೆ ಹೋದರು ಎಂಬುದೆಲ್ಲ ಇದೆ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಪೂರ್ತಿ ಆಲ್ಬಂ ಕೇಳಿ ನೋಡಿ ಕೊಳ್ಳಬಹುದು, ಕೊಟ್ಟ ದುಡ್ಡಿನ ಹೆಚ್ಚಿನ ಪಾಲು ಬ್ಯಾಂಡಿಗೇ ಹೋಗುತ್ತದೆ. ತಿಂಗಳಿಗೆ ಒಂದು ಆಲ್ಬಂ ಆದರೂ ಕೊಳ್ಳಿ. ಸಣ್ಣ ಬ್ಯಾಂಡು ಉಳಿಯುವುದು ಹಾಗೆ.

ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಶುರುವಾದ ಬ್ಯಾಂಡು. 1980ರ ದಶಕದ ಮೆಟಲ್ ಇಷ್ಟವಾದವರಿಗೆ ತಕ್ಷಣ ಹಿಡಿಸುತ್ತದೆ. 2013ರಲ್ಲಿ ಜರ್ಮನಿಯ ವಾಕನ್ ಜಾತ್ರೆಯಲ್ಲಿ, ಮೆಟಲ್ ಲೋಕದ ಅತಿ ದೊಡ್ಡ ಜಾತ್ರೆಗಳಲ್ಲಿ ಒಂದರಲ್ಲಿ, ನುಡಿಸಿ ಬಂದರು. ಬೆಂಗಳೂರಿನದೇ ಆಗಮ್ ಕರ್ನಾಟಕ ಸಂಗೀತದ ರಾಗಗಳನ್ನು ರಾಕ್‌ಗೆ ತಂದಿದೆ. ಕೇರಳದ ಮದರ್‌ಜೇನ್‌ನ 2008ರ ಮಕ್ತೂಬ್‌ನಲ್ಲಿ ಬೈಜು ಧರ್ಮಜನ್ ಗಿಟಾರಿನ ತಂತಿ ಎಳೆದು ಗಮಕ ತರುವುದನ್ನು ಕೇಳಿದಾಗ ನಾನು ಹಾಡು ನಿಲ್ಲಿಸಿ ಮತ್ತೆ ಮೊದಲಿಂದ ಹಾಕಿದ್ದೆ. ದೆಹಲಿಯ ಬ್ಲಡಿವುಡ್‌ನಲ್ಲಿ ಢೋಲು, ಕೊಳಲು ಇವೆ. ಮನೆಯವರೆಲ್ಲ ಕೂತು ಕೇಳುವಂಥದು ಬೇಕೆಂದರೆ ರಘು ದೀಕ್ಷಿತ್ ಅವರ 2008ರ ಆಲ್ಬಂ ಇದೆ. ಶಿಶುನಾಳ ಷರೀಫರ ಗುಡುಗುಡಿಯ ಪದ ಅದರಲ್ಲಿ ಗಿಟಾರಿನ ಜೊತೆ ಬರುತ್ತದೆ. ನಮ್ಮಮ್ಮ ಈ ದಾರಿಗೆ ಬಂದಿದ್ದು ಅಲ್ಲಿಂದಲೇ.

ಒಂಬತ್ತನೇ ಹಂತ: ಒಮ್ಮೆ ಎದುರು ನಿಂತು ಕೇಳಿ

ಮಳೆಗಾಲ ಕಳೆದ ಮೇಲೆ ಒಂದು ಕಾರ್ಯಕ್ರಮಕ್ಕೆ ಹೋಗಿ ಬನ್ನಿ. ದೊಡ್ಡ ಬ್ಯಾಂಡುಗಳು ಬರುವುದು ಬೆಂಗಳೂರಿಗೆ. ಐರನ್ ಮೇಡನ್ 2007ರಲ್ಲಿ ಅರಮನೆ ಮೈದಾನದಲ್ಲಿ ನುಡಿಸಿತು, ಮೆಟಾಲಿಕಾ 2011ರ ಅಕ್ಟೋಬರ್ 30ರಂದು. ಮೆಟಲ್‌ಗೇ ಮೀಸಲಾದ ಬೆಂಗಳೂರು ಓಪನ್ ಏರ್ 2012ರಲ್ಲಿ ಶುರುವಾಯಿತು.

ಹೋಗುವ ಮೊದಲು ಕಿವಿಯ ಬಗ್ಗೆ ಯೋಚಿಸಿ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಡೆಯಬಹುದು ಎಂಬುದು ಒಂದು ಲೆಕ್ಕ. ಪ್ರತಿ ಮೂರು ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಂದರೆ 100 ಡೆಸಿಬಲ್‌ಗೆ 15 ನಿಮಿಷ ಮಾತ್ರ. ಕಾರ್ಯಕ್ರಮಗಳಲ್ಲಿ ಅಷ್ಟು ಸದ್ದು ಇದ್ದೇ ಇರುತ್ತದೆ. ಕಾಲೇಜಿನ ದಿನಗಳಲ್ಲಿ ಒಂದು ಕಾರ್ಯಕ್ರಮದಲ್ಲಿ ಸ್ಪೀಕರಿನ ಮುಂದೆಯೇ ನಿಂತು ಬಂದೆ. ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗಿತು. ಮೂರನೇ ದಿನ ಆ ಕೂಗು ನಿಂತಾಗ ದೇವರಿಗೆ ಕೈ ಮುಗಿದೆ. ಸ್ಪಂಜಿನ ಇಯರ್‌ಪ್ಲಗ್ ಹೆಚ್ಚು ಬೆಲೆಯದಲ್ಲ. ಎರಡು ಜೊತೆ ಒಯ್ಯಿರಿ, ಪಕ್ಕದವರಿಗೂ ಬೇಕಾದೀತು. ಮನೆಯಲ್ಲಿ ಇಯರ್‌ಫೋನ್ ಹಾಕಿದಾಗಲೂ ಅಷ್ಟೇ, ಹೊರಗೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಕೇಳಬೇಕು.

ವೇದಿಕೆ ಮುಂದೆ ಹುಡುಗರು ಸುತ್ತುತ್ತಾ ಒಬ್ಬರಿಗೊಬ್ಬರು ಗುದ್ದಿಕೊಳ್ಳುವುದು ನೋಡಿ ಜಗಳ ಎಂದುಕೊಳ್ಳಬೇಡಿ. ಅಲ್ಲಿ ಒಂದು ನಿಯಮ ಇದೆ. ಯಾರಾದರೂ ಬಿದ್ದರೆ ಹತ್ತಿರದವರು ತಕ್ಷಣ ಎತ್ತಬೇಕು. 2011ರ ಆ ರಾತ್ರಿ ನನ್ನ ಚಪ್ಪಲಿ ಕಿತ್ತು ನಾನು ಮುಗ್ಗರಿಸಿದಾಗ ಮೂರು ಕೈ ಒಟ್ಟಿಗೆ ಬಂದವು. ಮುಖ ಯಾವುದೂ ನೆನಪಿಲ್ಲ. ಬೂಟು ಹಾಕಿಕೊಂಡು ಹೋಗಿ. ನೀರು ಕುಡಿಯುತ್ತಿರಿ. ವಾಪಸು ಬರುವ ರಾತ್ರಿ ಬಸ್ಸಿಗೆ ಮೊದಲೇ ಸೀಟು ಕಾದಿರಿಸಿ, ಮುಗಿದ ಮೇಲೆ ಮೆಜೆಸ್ಟಿಕ್ ತಲುಪಲು ಗಂಟೆಗೂ ಜಾಸ್ತಿ ಹಿಡಿಯಬಹುದು.

ಬಸ್ಸಿನಲ್ಲಿ ಇಯರ್‌ಫೋನ್ ಹಾಕಬೇಡಿ, ಕಿವಿಗೆ ಬಿಡುವು ಬೇಕು. ನೋಟ್‌ಬುಕ್ ತೆಗೆದು ನೆನಪಿರುವಷ್ಟು ಬರೆಯಿರಿ. ನಾನು ಬರೆದು ಮುಗಿಸುವಷ್ಟರಲ್ಲಿ ತರೀಕೆರೆ ದಾಟಿತ್ತು, ಬೆಳಕು ಹರಿಯುತ್ತಿತ್ತು.